ಹನ್ನೆರಡು ಸಾವಿರ ಎಂದುಕೊಂಡ ಅಡುಗೆಮನೆ: ಶಿವಮೊಗ್ಗದ ಒಂದು ಕುಟುಂಬದ ಊಟದ ಲೆಕ್ಕ

ಶಿವಮೊಗ್ಗದ ಗೋಪಾಳ ಬಡಾವಣೆಯ ಈ ಮನೆಯವರ ದೂರು ಒಂದೇ ಸಾಲಿನದು. ಅಡುಗೆಮನೆಗೆಂದು ತಿಂಗಳಿಗೆ ಹನ್ನೆರಡು ಸಾವಿರ ಎತ್ತಿಡುತ್ತಾರೆ, ತಿಂಗಳು ಮುಗಿಯುವಾಗ ಇಪ್ಪತ್ತು ದಾಟಿರುತ್ತದೆ. ಎಲ್ಲಿ ಹೋಯಿತು ಎಂದು ಕೇಳಿದರೆ ಗಂಡ ತರಕಾರಿ ಗಾಡಿಯ ಕಡೆ ಕೈ ತೋರಿಸುತ್ತಾರೆ, ಹೆಂಡತಿ ಗಂಡನ ಮೊಬೈಲಿನ ಕಡೆ, ಅಜ್ಜಿ ಇಬ್ಬರ ಕಡೆಗೂ. ಸೊಸೈಟಿ ಲೆಕ್ಕ ಬರೆದು ರೂಢಿಯಿರುವವನೆಂದು ನನಗೆ ಹೇಳಿಕಳಿಸಿದರು. 2025ರ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಅವರ ಪುಸ್ತಕ, ಬ್ಯಾಂಕ್ ಪಾಸ್‌ಬುಕ್, ಅಂಗಡಿ ಚೀಟಿಗಳನ್ನು ಇಟ್ಟುಕೊಂಡು ಕೂತದ್ದರ ವರದಿ ಇದು. ಹೆಸರು, ಕೆಲಸದ ಜಾಗ ಬೇಡವೆಂದರು. ಅಂಕಿಗಳನ್ನು ಬರೆಯಲು ಅಡ್ಡಿಯಿಲ್ಲ ಎಂದರು.

ಮನೆಯಲ್ಲಿ ಐದು ಜನ: ಅಜ್ಜಿ, ಗಂಡ ಹೆಂಡತಿ, ಪಿಯುಸಿ ಓದುವ ಮಗಳು, ಎಂಟನೇ ತರಗತಿಯ ಮಗ. ಕೈಗೆ ಬರುವ ಸಂಬಳ 52,000. ಹೆಂಡತಿಯ ಹೊಲಿಗೆಯಿಂದ ಸರಾಸರಿ 6,000. ಮನೆ ಸಾಲದ ಕಂತು 14,000. ತೀರ್ಥಹಳ್ಳಿ ಕಡೆ ಗಂಡನ ಅಣ್ಣ ನೋಡಿಕೊಳ್ಳುವ ಅಡಿಕೆ ತೋಟ, ಒಂದಿಷ್ಟು ಗದ್ದೆ ಇದೆ. ಅಲ್ಲಿಂದ ಅಕ್ಕಿ, ಕಾಯಿ, ಬಾಳೆ, ಕಾಳುಮೆಣಸು ಬರುತ್ತದೆ. ಮೀನು, ಕೋಳಿ ತಿನ್ನುವವರು, ಶ್ರಾವಣದಲ್ಲಿ ಬಿಡುತ್ತಾರೆ. ರೇಷನ್ ಕಾರ್ಡ್ ಎಪಿಎಲ್, ಹಾಗಾಗಿ ಅನ್ನಭಾಗ್ಯದ ಅಕ್ಕಿ ಈ ಲೆಕ್ಕದಲ್ಲಿ ಇಲ್ಲ. ಇದ್ದಿದ್ದರೆ ಚಿತ್ರವೇ ಬೇರೆ. 2025ರ ಫೆಬ್ರುವರಿಯಿಂದ ಹೆಚ್ಚುವರಿ ಐದು ಕೆ.ಜಿ.ಗೆ ಕೊಡುತ್ತಿದ್ದ ದುಡ್ಡಿನ ಬದಲು ಅಕ್ಕಿಯನ್ನೇ ಕೊಡತೊಡಗಿದ್ದರಿಂದ, ಬಿಪಿಎಲ್ ಕಾರ್ಡಿನ ಐದು ಜನರ ಮನೆಗೆ ಆಗ ತಿಂಗಳಿಗೆ 50 ಕೆ.ಜಿ. ಬರುತ್ತಿತ್ತು.

ಪುಸ್ತಕದಲ್ಲಿ ಇದ್ದದ್ದು, ಇಲ್ಲದ್ದು

ಹೆಂಡತಿ ಲೆಕ್ಕ ಬರೆಯುತ್ತಿರಲಿಲ್ಲ ಎಂದಲ್ಲ. ಶಾಲೆಯ ನೋಟ್‌ಬುಕ್ಕಿನಲ್ಲಿ ಅಚ್ಚುಕಟ್ಟಾಗಿ ಬರೆದಿದ್ದರು. ಏಪ್ರಿಲ್ ತಿಂಗಳ ಪುಟದಲ್ಲಿ ಮೂರು ಸಾಲು: ದಿನಸಿ 7,450, ಹಾಲು 2,880, ತರಕಾರಿ 2,350. ಒಟ್ಟು 12,680. ಹನ್ನೆರಡು ಸಾವಿರದ ಅಂದಾಜು ಹುಟ್ಟಿದ್ದು ಇಲ್ಲಿಂದ. ಅವರ ಕೈಯಿಂದ ಹೋದದ್ದು ನಿಜಕ್ಕೂ ಅಷ್ಟೇ.

ಪಾಸ್‌ಬುಕ್, ಇಬ್ಬರ ಮೊಬೈಲಿನ ಯುಪಿಐ ಪಟ್ಟಿ, ಗಂಡನ ಜೇಬಿನ ಚೀಟಿಗಳನ್ನು ಕೂಡಿಸಿದಾಗ ಅದೇ ಏಪ್ರಿಲ್‌ನಲ್ಲಿ ತಿನ್ನುವ ವಸ್ತುವಿಗೆ ಹೋದದ್ದು 31,400. ವ್ಯತ್ಯಾಸ 18,720. ಗಂಡ ಆಫೀಸಿನಿಂದ ಬರುವಾಗ ತಂದ ಹಣ್ಣು, ತರಕಾರಿ 920. ಮೀನು, ಕೋಳಿ, ಮೊಟ್ಟೆ 2,100. ಬೇಕರಿ, ಹೋಟೆಲ್, ಕ್ಯಾಂಟೀನ್, ಮನೆಗೆ ತರಿಸಿದ ತಿಂಡಿ 4,400. ಉಳಿದ 11,300 ಮಳೆಗಾಲದ ಸಾಮಾನು.

ಇದರಲ್ಲಿ 4,400ರ ಬಾಬ್ತು ಹುಡುಕಲು ಹೆಚ್ಚು ಹೊತ್ತು ಹಿಡಿಯಿತು. ಗಂಡ ಯುಪಿಐ ಲೈಟ್, ಅಂದರೆ ಆ್ಯಪಿನಲ್ಲಿ ಮೊದಲೇ ದುಡ್ಡು ತುಂಬಿಟ್ಟು ಖರ್ಚು ಮಾಡುವ ವ್ಯವಸ್ಥೆ, ಬಳಸುತ್ತಾರೆ. ಪಿನ್ ಒತ್ತುವ ಗೊಡವೆಯಿಲ್ಲ, ಚಹಾ ಅಂಗಡಿಯಲ್ಲಿ ಸಲೀಸು. ಒಂದು ಸಲಕ್ಕೆ 1,000 ರೂ.ವರೆಗೆ ಕೊಡಬಹುದು, ಒಟ್ಟು 5,000 ರೂ. ತುಂಬಿಡಬಹುದು. ಪಾಸ್‌ಬುಕ್ಕಿನಲ್ಲಿ ಮಾತ್ರ ತುಂಬಿದ ಮೊತ್ತ ಒಂದು ಸಾಲಾಗಿ ಬರುತ್ತದೆ; ಹದಿನೈದರ ಚಹಾ, ಮೂವತ್ತರ ಪಫ್ಸ್, ಟ್ಯೂಷನ್ ಬಿಟ್ಟ ಮೇಲೆ ಮಗ ಅಪ್ಪನ ಫೋನಿನಿಂದ ಕೊಟ್ಟ ಗೋಬಿ ಮಂಚೂರಿಯ ದುಡ್ಡು ಅಲ್ಲಿ ಕಾಣುವುದಿಲ್ಲ. ಆ್ಯಪಿನ ಒಳಗೆ ಹೋಗಿ ನೋಡಬೇಕು. 'ಸಾವಿರ ಎಲ್ಲೋ ಹೋಗಿದೆ' ಎಂದು ಹೆಂಡತಿ ಪ್ರತಿ ತಿಂಗಳೂ ಹೇಳುತ್ತಿದ್ದದ್ದು ಈ ಸಾಲುಗಳನ್ನು ನೋಡಿಯೇ. ಅವರ ಅನುಮಾನ ಸರಿಯಿತ್ತು, ಆದರೆ ಅರ್ಧದಷ್ಟೇ. ಹೊರಗಿನ ತಿಂಡಿಯ ದೊಡ್ಡ ಪಾಲು ಗಂಡನದಲ್ಲ, ಭಾನುವಾರ ಸಂಜೆ ಐದೂ ಜನ ಸೇರಿ ಹೋಗುವ ಹೋಟೆಲಿನದು. ಅದಕ್ಕೆ ಯಾರೂ ಯಾರನ್ನೂ ಬೈಯುವುದಿಲ್ಲವಾದ್ದರಿಂದ ಅದು ಖರ್ಚೆಂದೇ ಯಾರ ತಲೆಯಲ್ಲೂ ಇರಲಿಲ್ಲ.

ಮಳೆಗಾಲದ ಸಾಮಾನು ಏಪ್ರಿಲ್ ಖರ್ಚಲ್ಲ

ಮಲೆನಾಡಿನ ಮನೆಗೆ ತಿಂಗಳ ಬಜೆಟ್ ಎನ್ನುವುದೇ ಪೂರ್ತಿ ಹೊಂದುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಈಗ ಊರಿಗೆಲ್ಲ ಟಾರು ರಸ್ತೆ, ಮನೆ ಪಕ್ಕದಲ್ಲೇ ಸೂಪರ್ ಮಾರ್ಕೆಟ್. ಆರಿದ್ರಾ ಮಳೆ ಹಿಡಿದರೆ ಹದಿನೈದು ದಿನ ಪೇಟೆಗೆ ಹೋಗಲಾಗದ ಕಾಲ ಹೋಯಿತು. ಆದರೂ ಬಿಸಿಲಿರುವಾಗಲೇ ಮೆಣಸು ಒಣಗಿಸಿ, ಬೇಳೆ ಹಸನು ಮಾಡಿ ಡಬ್ಬಿ ತುಂಬಿಸದಿದ್ದರೆ ಅಜ್ಜಿಗೆ ನಿದ್ದೆ ಬರುವುದಿಲ್ಲ. ಇದು ಬರೀ ಹಳೆಯ ಅಭ್ಯಾಸವಲ್ಲ. ಜುಲೈನಲ್ಲಿ ತಂದ ಮೆಣಸಿನಕಾಯಿ ಈ ಊರಿನ ಥಂಡಿಗೆ ಬೂಸಲು ಹಿಡಿಯುತ್ತದೆ, ಒಣಗಿಸಿ ಪುಡಿ ಮಾಡಲು ಬಿಸಿಲೇ ಸಿಗುವುದಿಲ್ಲ.

ಆ ಸಲ ತಂದದ್ದು: ಬ್ಯಾಡಗಿ ಮೆಣಸಿನಕಾಯಿ 4 ಕೆ.ಜಿ., ಗುಂಟೂರು 2, ಕೊತ್ತಂಬರಿ ಬೀಜ 4, ಹುಣಸೆ 5, ತೊಗರಿಬೇಳೆ 15, ಉದ್ದಿನಬೇಳೆ 8, ಬೆಲ್ಲ 10, ಕುಚಲಕ್ಕಿ 50 ಕೆ.ಜಿ.; ಜೊತೆಗೆ ಮಾವಿನ ಮಿಡಿ, ಅದರ ಉಪ್ಪು ಖಾರ, ಸಾಸಿವೆ, ಮೆಂತ್ಯ. ಇಷ್ಟನ್ನೂ ಏಪ್ರಿಲ್ ತಲೆಗೆ ಕಟ್ಟಿದರೆ ಆ ತಿಂಗಳು ದುಂದು, ಜೂನ್ ಮಿತವ್ಯಯ ಎನ್ನಿಸುತ್ತದೆ. ಎರಡೂ ಸುಳ್ಳು.

ಹನ್ನೆರಡರಿಂದ ಭಾಗಿಸಿದರೆ ಆಯಿತಲ್ಲ ಎಂದು ಗಂಡ ಅಂದರು. ಅದೂ ಅಷ್ಟು ಸರಳವಲ್ಲ. 'ವರ್ಷದ ಸಾಮಾನು' ಎಂದು ಕರೆದರೂ ಬೇಳೆ, ಬೆಲ್ಲ, ಕುಚಲಕ್ಕಿ ಕಾರ್ತಿಕ ಮುಗಿಯುವಷ್ಟರಲ್ಲಿ ಖಾಲಿಯಾಗುತ್ತವೆ. ಮೆಣಸು, ಹುಣಸೆ, ಉಪ್ಪಿನಕಾಯಿ ಮಾತ್ರ ಮುಂದಿನ ಬೇಸಿಗೆಯವರೆಗೆ ಬರುತ್ತವೆ. ಹಾಗಾಗಿ ಎರಡು ಗುಂಪು ಮಾಡಿದೆವು. ವರ್ಷಪೂರ್ತಿ ಬರುವ 5,460 ರೂ. ಸಾಮಾನನ್ನು ಹನ್ನೆರಡು ತಿಂಗಳಿಗೆ, ನವೆಂಬರ್‌ವರೆಗೆ ಬರುವ 5,840 ರೂ. ಸಾಮಾನನ್ನು ಎಂಟು ತಿಂಗಳಿಗೆ ಹಂಚಿದರೆ ತಿಂಗಳಿಗೆ 455 ಮತ್ತು 730, ಒಟ್ಟು 1,185 ರೂ. ಏಪ್ರಿಲ್‌ನ ಅಸಲು ಖರ್ಚು 31,400 ಅಲ್ಲ, 21,285. ಮೇ ತಿಂಗಳು 25,785. ಜೂನ್ 18,085. ಮೂರು ತಿಂಗಳ ಸರಾಸರಿ ತಿಂಗಳಿಗೆ 21,718.

ಇಷ್ಟು ಸ್ಪಷ್ಟವಾದ ಮೇಲೆ ಹನ್ನೆರಡು ಸಾವಿರವನ್ನು ಮರೆತುಬಿಡಿ ಎಂದು ನಾನು ಹೇಳಿದ್ದಕ್ಕೆ ಗಂಡನಿಗೆ ಬೇಜಾರಾಯಿತು. ಖರ್ಚು ಇಳಿಸುವ ಉಪಾಯ ಕೇಳಿದರೆ ಬಜೆಟ್ ಏರಿಸಲು ಹೇಳುತ್ತೀರಲ್ಲ ಎಂದರು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಸರಿ, ಆದರೆ ಇವರು ಹಾಸಿಗೆಯ ಉದ್ದವನ್ನೇ ಅಳೆದಿರಲಿಲ್ಲ.

ತಟ್ಟೆ ಎಣಿಸಿದ್ದು

ಮೇ ತಿಂಗಳ 25,785 ಕಂಡು ಎಲ್ಲರೂ ಬೆಂಗಳೂರಿನಿಂದ ರಜೆಗೆ ಬಂದಿದ್ದ ಮಕ್ಕಳ ನೆನಪು ಮಾಡಿಕೊಂಡರು. ಬಾಯಿಬಿಟ್ಟು ಯಾರೂ ಹೇಳಲಿಲ್ಲ. ನೆಂಟರ ಮಕ್ಕಳ ಊಟಕ್ಕೆ ಲೆಕ್ಕ ಹಾಕುವುದೇ ಎಂಬ ಸಂಕೋಚ. ಈ ಸಂಕೋಚ ಒಳ್ಳೆಯದೇ. ಆದರೆ ಲೆಕ್ಕವಿಲ್ಲದ ಕಡೆ ಅನುಮಾನ ಬೆಳೆಯುತ್ತದೆ. ಹಾಗಾಗಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನಕ್ಕೆ ಎಷ್ಟು ತಟ್ಟೆ ಎಂದು ಬರೆಯುವುದನ್ನು ಏಪ್ರಿಲ್‌ನಲ್ಲೇ ಶುರು ಮಾಡಿಸಿದ್ದೆ. ಮಠದ ಅಡುಗೆಯವರು, ಹಾಸ್ಟೆಲ್ ಭಟ್ಟರು ಹಿಂದಿನಿಂದಲೂ ಮಾಡುವುದು ಇದನ್ನೇ. ಒಬ್ಬರಿಗೆ ಬೆಳಗಿನ ತಿಂಡಿ, ಮಧ್ಯಾಹ್ನ, ರಾತ್ರಿ ಮೂರು ತಟ್ಟೆ. ಡಬ್ಬಿ ಕಟ್ಟಿಕೊಂಡು ಹೋದರೂ ಮನೆಯ ತಟ್ಟೆಯೇ. ಹೊರಗೆ ತಿಂದರೆ ಇಲ್ಲ. ಕಾಫಿಗೆ ಬಂದವರನ್ನು ಏನು ಮಾಡುವುದು ಎಂದು ಒಂದು ಸಂಜೆ ಚರ್ಚೆಯಾಯಿತು. ಕಾಫಿಗೆ ಬಂದವರು ಬರೀ ಕಾಫಿ ಕುಡಿದು ಹೋದದ್ದು ಈ ಮನೆಯಲ್ಲಿ ನಡೆದೇ ಇಲ್ಲ, ಅರ್ಧ ತಟ್ಟೆ ಹಾಕು ಎಂದು ಅಜ್ಜಿ ತೀರ್ಪು ಕೊಟ್ಟರು.

ಏಪ್ರಿಲ್‌ನಲ್ಲಿ 432 ತಟ್ಟೆ, ಮೇನಲ್ಲಿ 610, ಜೂನ್‌ನಲ್ಲಿ 430. ಹೊರಗಿನ ತಿಂಡಿಯ ದುಡ್ಡು (4,400, 5,100, 3,300) ಕಳೆದು ಭಾಗಿಸಿದರೆ ತಟ್ಟೆಗೆ ಏಪ್ರಿಲ್‌ನಲ್ಲಿ 39 ರೂ., ಮೇನಲ್ಲಿ 34, ಜೂನ್‌ನಲ್ಲೂ ಸುಮಾರು 34. ಯಾವ ತಿಂಗಳನ್ನು ಎಲ್ಲರೂ ದೂರುತ್ತಿದ್ದರೋ ಆ ಮೇ ತಿಂಗಳ ಊಟ ಎಲ್ಲಕ್ಕಿಂತ ಅಗ್ಗ!

ಕಾರಣ ನೋಡಿದರೆ ಆಶ್ಚರ್ಯವಿಲ್ಲ. ಐದು ಜನಕ್ಕೆ ಮಾಡುವ ಹುಳಿಯನ್ನು ಏಳು ಜನಕ್ಕೆ ಮಾಡಲು ಬೇಳೆ ಒಂದು ಹಿಡಿ ಹೆಚ್ಚು ಸಾಕು. ಅದಕ್ಕಿಂತ ಮುಖ್ಯ, ಮೇನಲ್ಲಿ ಊರಿನಿಂದ ಹಲಸು, ಮಾವು, ಬಾಳೆಗೊನೆ, ಕಾಯಿ ಎಲ್ಲ ಒಟ್ಟಿಗೆ ಬಂದವು. ರಜೆಯ ಮಕ್ಕಳು ಹಲಸಿನ ಹಣ್ಣಿನ ಕಡುಬು, ಮಾವಿನ ಗೊಜ್ಜು ತಿಂದು ಬೆಳೆದರು. ಏಪ್ರಿಲ್‌ನಲ್ಲಿ ಇದು ಯಾವುದೂ ಇರಲಿಲ್ಲ. ಬೇಸಿಗೆಯ ತರಕಾರಿ ದುಬಾರಿ, ಹಣ್ಣನ್ನೆಲ್ಲ ಕೊಂಡೇ ತಂದದ್ದು. ಜೂನ್ ಅಗ್ಗವಾಗಲು ಮತ್ತೊಂದು ಕಾರಣವಿದೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ. ಘಟ್ಟ ಹತ್ತಿ ಬರುವ ಮೀನು ಕಡಿಮೆಯಾಗಿ ದರ ಏರುತ್ತದೆ, ಈ ಮನೆಯವರು ತರುವುದನ್ನೇ ಬಿಡುತ್ತಾರೆ. ಆಮೇಲೆ ಶ್ರಾವಣ. ಅಟ್ಟದಲ್ಲಿ ತೂಗುಹಾಕಿದ ಮೊಗೆಕಾಯಿ, ಮಿಡಿ ಉಪ್ಪಿನಕಾಯಿ, ಹುರುಳಿ ಸಾರು, ಕೆಸುವಿನ ಪತ್ರೊಡೆ, ಒಂದೆಲಗದ ತಂಬುಳಿ, ಇಷ್ಟರಲ್ಲೇ ವಾರಗಳು ಕಳೆಯುತ್ತವೆ. ಆ ವರ್ಷ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿ ಎರಡೇ ದಿನದಲ್ಲಿ ನಮ್ಮ ಕಡೆ ಹತ್ತಿದ್ದರಿಂದ ಹಲಸಿನ ಹಪ್ಪಳ ಅರ್ಧಂಬರ್ಧ ಒಣಗಿ ಕೆಟ್ಟವು. ಅಜ್ಜಿ ಇದನ್ನು ನಷ್ಟದ ಸಾಲಿನಲ್ಲಿ ಬರೆಯಿರಿ ಎಂದರು. ಬರೆದೆ.

ಗ್ಯಾಸನ್ನು ತಟ್ಟೆಗೆ ಸೇರಿಸಲಿಲ್ಲ. 14.2 ಕೆ.ಜಿ.ಯ ಸಿಲಿಂಡರ್ ಈ ಮನೆಯಲ್ಲಿ ತಿಂಗಳ ಮೇಲೆ ನಾಲ್ಕೈದು ದಿನ ಬರುತ್ತದೆ. ಅದನ್ನು ಕರೆಂಟಿನ ಜೊತೆ ಬೇರೆ ಇಟ್ಟೆವು.

ಊರಿನ ಕಾಯಿಗೆ ಬೆಲೆ ಎಷ್ಟು

ಈ ಪ್ರಕರಣದಲ್ಲಿ ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ತೆಂಗಿನಕಾಯಿ. ತಿಂಗಳಿಗೆ ಇಪ್ಪತ್ತೈದರ ಆಸುಪಾಸು ಕಾಯಿ ಊರಿನಿಂದ ಬರುತ್ತಿತ್ತು. ವರ್ಷಕ್ಕೆ ಒಂದು ಕ್ವಿಂಟಲ್ ಅಕ್ಕಿ ಕೂಡ. ಪುಸ್ತಕದಲ್ಲಿ ಇದಕ್ಕೆ ಸಾಲೇ ಇಲ್ಲ. ಮನೆಯದ್ದಕ್ಕೆ ಏನು ಲೆಕ್ಕ?

ಸರ್ಕಾರದ ಮನೆಬಳಕೆ ವೆಚ್ಚ ಸಮೀಕ್ಷೆಯವರು ಹೀಗೆ ಬಿಡುವುದಿಲ್ಲ. ಮನೆಯಲ್ಲೇ ಬೆಳೆದದ್ದನ್ನು ತಿಂದರೆ ಅದಕ್ಕೂ ಬೆಲೆ ಕಟ್ಟುತ್ತಾರೆ, ಅದೂ ಅಂಗಡಿ ದರದಲ್ಲಲ್ಲ, ತೋಟದ ಬಾಗಿಲಿನ ದರದಲ್ಲಿ. ಸರ್ಕಾರದಿಂದ ಉಚಿತವಾಗಿ ಬಂದದ್ದಕ್ಕೂ 2022–23ರ ಸಮೀಕ್ಷೆಯಿಂದ ಬೆಲೆ ಕಟ್ಟಿ ಇನ್ನೊಂದು ಸರಾಸರಿ ಕೊಡುತ್ತಾರೆ. ತೋಟದ ದರವೇ ನ್ಯಾಯ ಎಂದು ನನಗೂ ಅನ್ನಿಸುತ್ತದೆ. ಅಣ್ಣ ಆ ಕಾಯಿಯನ್ನು ಕೊಡದೆ ಮಾರಿದ್ದರೆ ಅವರಿಗೆ ಸಿಗುತ್ತಿದ್ದದ್ದು ಆ ದುಡ್ಡು, ಶಿವಮೊಗ್ಗದ ಗಾಂಧಿ ಬಜಾರಿನ ಚಿಲ್ಲರೆ ದರವಲ್ಲ. ಹಾಗೆ ಕಟ್ಟಿದಾಗ ಕಾಯಿ, ಅಕ್ಕಿ, ಬಾಳೆ, ಮೆಣಸು, ಸೊಪ್ಪು ಎಲ್ಲ ಸೇರಿ ತಿಂಗಳಿಗೆ 1,600 ರೂ. ಹತ್ತಿರ ಬಂತು. ಹಾಗಾದರೆ ತೀರ್ಥಹಳ್ಳಿಗೆ ಹೋಗಿಬರುವ 120 ಕಿ.ಮೀ. ಪೆಟ್ರೋಲನ್ನೂ ಹಾಕಬೇಕಲ್ಲವೇ ಎಂದು ಮಗಳು ಕೇಳಿದಳು. ಪ್ರಶ್ನೆ ಚುರುಕಾಗಿದೆ, ಆದರೆ ನಾನು ಒಪ್ಪಲಿಲ್ಲ. ಇವರು ಊರಿಗೆ ಹೋಗುವುದು ಅಣ್ಣನನ್ನು ನೋಡಲು. ಕಾಯಿ ಡಿಕ್ಕಿಗೆ ಬೀಳುವುದು ಹೊರಡುವಾಗ.

ಈ ಸಾಲು ಯಾಕೆ ಬೇಕು ಎಂಬುದು ಜುಲೈನಲ್ಲಿ ತಿಳಿಯಿತು. 2025ರಲ್ಲಿ ಕಾಯಿ, ಕೊಬ್ಬರಿ, ಕೊಬ್ಬರಿ ಎಣ್ಣೆಯ ದರ ಹಿಂದೆಂದೂ ಇಲ್ಲದಷ್ಟು ಏರಿತು. ಅಡಿಕೆಗೆ ಎಲೆಚುಕ್ಕೆ ರೋಗ ಬಿದ್ದು ಫಸಲು ಕುಗ್ಗಿದ್ದ ಅಣ್ಣ, ಈ ಸಲ ಕಾಯಿಯನ್ನೆಲ್ಲ ವ್ಯಾಪಾರಿಗೆ ಕೊಟ್ಟುಬಿಟ್ಟರು. ಅದು ಅವರ ಹಕ್ಕು. ಇಲ್ಲಿ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಆದರೆ ಗೋಪಾಳದ ಮನೆ ಜುಲೈನಲ್ಲಿ 24 ಕಾಯಿಯನ್ನು 55ರಂತೆ ಕೊಂಡಿತು: 1,320 ರೂ. ಹಿಂದಿನ ತಿಂಗಳು ಸೊನ್ನೆ. ಬರೀ ರೂಪಾಯಿ ಬರೆಯುವ ಪುಸ್ತಕದಲ್ಲಿ ಇದು ಹೆಂಡತಿಯ ಕೈ ಸಡಿಲವಾದಂತೆ ಕಾಣುತ್ತದೆ. ತಿನ್ನುವುದರಲ್ಲಿ ಒಂದು ಕಾಯಿಯೂ ಹೆಚ್ಚಾಗಿರಲಿಲ್ಲ. ಕಾಯಿ ದರ ಏರಿದರೆ ತೋಟವಿರುವವರ ನೆಂಟರಿಗೆ ಲಾಭ ಎಂದು ಪೇಟೆಯವರು ತಿಳಿದಿರುತ್ತಾರೆ. ಇಲ್ಲಿ ಆದದ್ದು ತಿರುಗುಮುರುಗು.

ದರ ಬೇರೆ, ತೂಕ ಬೇರೆ

ಆಮೇಲೆ ಪ್ರತಿ ಸಾಲಿಗೂ ರೂಪಾಯಿಯ ಪಕ್ಕ ತೂಕ ಬರೆಯಲು ಹೇಳಿದೆ. ಕಿರಾಣಿ ಅಂಗಡಿಯವರು ಚೀಟಿಯಲ್ಲಿ ಹೇಗೂ ಬರೆದಿರುತ್ತಾರೆ, ಇಳಿಸಿಕೊಂಡರಾಯಿತು.

ಹಾಲಿನದೇ ನೋಡಿ. ನಂದಿನಿಯ ನೀಲಿ ಪ್ಯಾಕೆಟ್ ಅರ್ಧ ಲೀಟರಿನದು 22 ರೂ. ಇತ್ತು. 2024ರ ಜೂನ್ ಕೊನೆಗೆ 550 ಮಿ.ಲೀ. ಮಾಡಿ 24 ರೂ. ಆಯಿತು. 2025ರ ಏಪ್ರಿಲ್ 1ರಿಂದ ಮತ್ತೆ 500 ಮಿ.ಲೀ.ಗೆ ಇಳಿಯಿತು, ದರ 24 ಹಾಗೇ ನಿಂತಿತು. ದಿನಾ ನಾಲ್ಕು ಪ್ಯಾಕೆಟ್ ತರುವ ಈ ಮನೆಯ ಹಾಲಿನ ಬಿಲ್ಲಿನಲ್ಲಿ ಒಂದು ರೂಪಾಯಿಯೂ ಏರಲಿಲ್ಲ, ಹಾಲು ದಿನಕ್ಕೆ 200 ಮಿ.ಲೀ. ಕಡಿಮೆಯಾಯಿತು, ಲೀಟರ್ ಲೆಕ್ಕದಲ್ಲಿ ಹತ್ತು ಪರ್ಸೆಂಟ್ ಏರಿಕೆ. 'ಮೊಸರು ಯಾಕೋ ಸಾಲುತ್ತಿಲ್ಲ' ಎಂದು ಏಪ್ರಿಲ್‌ನಲ್ಲಿ ಹೆಂಡತಿ ಹೇಳಿದ್ದಕ್ಕೆ ಉತ್ತರ ಇಲ್ಲಿತ್ತು. ಆಗ ಒಂದು ಲೀಟರಿನ ಪ್ಯಾಕೆಟ್ 46 ರೂ.; ಎರಡು ಅರ್ಧ ಲೀಟರಿಗಿಂತ ಎರಡು ರೂಪಾಯಿ ಕಡಿಮೆ. ಪೂರ್ತಿ ಲೀಟರ್ ಪ್ಯಾಕೆಟ್ಟಿಗೆ ಬದಲಾಯಿಸಿದರೆ ತಿಂಗಳಿಗೆ 120 ಉಳಿಯುತ್ತದೆ ಎಂದೆ. ಒಮ್ಮೆಗೆ ಅಷ್ಟು ಹಾಲು ಕಾಯಿಸಿಡುವುದು ಬೇಡ ಎಂದು ಒಂದು ದೊಡ್ಡದು, ಎರಡು ಸಣ್ಣದು ತರಲು ಶುರು ಮಾಡಿದರು. ಉಳಿದದ್ದು 60. ಅಡುಗೆಮನೆಯ ಯಜಮಾನಿಕೆ ಯಾರದೆಂದು ನನಗೂ ಗೊತ್ತಿದೆ.

ಎಣ್ಣೆಯಲ್ಲಿ ಮಾತ್ರ ನಿಜವಾದ ಸಡಿಲಿಕೆ ಸಿಕ್ಕಿತು. ದರ ಏರಿದ್ದು ಇವರ ಕೈಯಲ್ಲಿರಲಿಲ್ಲ: 2024ರ ಸೆಪ್ಟೆಂಬರಿನಲ್ಲಿ ಕಚ್ಚಾ ಸೂರ್ಯಕಾಂತಿ, ಸೋಯಾ, ತಾಳೆ ಎಣ್ಣೆಯ ಮೂಲ ಆಮದು ಸುಂಕ ಸೊನ್ನೆಯಿಂದ 20 ಪರ್ಸೆಂಟಿಗೆ ಹೋಗಿ, 2025ರ ಮೇ ಕೊನೆಗೆ 10ಕ್ಕೆ ಇಳಿಯಿತು. ತೂಕ ಅವರ ಕೈಯಲ್ಲಿತ್ತು. ಜೂನ್‌ನಲ್ಲಿ ಏಳು ಪ್ಯಾಕೆಟ್ ತಂದಿದ್ದರು. ಅದರಲ್ಲಿ ನಾಲ್ಕು ಒಂದು ಲೀಟರಿನವು, ಅಂದರೆ 910 ಗ್ರಾಂ. ಮೂರು ಅದೇ ಎತ್ತರ, ಅದೇ ಬಣ್ಣದ 800 ಗ್ರಾಮಿನವು, ಅಗ್ಗವೆಂದು ತಂದದ್ದು. ಒಟ್ಟು 6,040 ಗ್ರಾಂ. ಐದು ಜನಕ್ಕೆ ಹಂಚಿದರೆ ತಲೆಗೆ ದಿನಕ್ಕೆ 40 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯ ತಟ್ಟೆಯಲ್ಲಿ, 2,000 ಕ್ಯಾಲೊರಿಯ ಊಟಕ್ಕೆ, ಎಣ್ಣೆ ತುಪ್ಪ ಸೇರಿ 27 ಗ್ರಾಂ. ಮಳೆಗಾಲದ ಸಂಜೆಯ ಬಜ್ಜಿ, ಬೋಂಡಾ, ಕರಿದ ಹಪ್ಪಳದ ಪ್ರತಾಪ ಇದು. ಆಗಸ್ಟಿನಿಂದ ಐದು ಲೀಟರಿಗೆ ನಿಲ್ಲಿಸಿದರು. ತಲೆಗೆ 30 ಗ್ರಾಂ. ಅಜ್ಜಿಯ ಬಿಪಿಯ ಮಾತು ಎತ್ತಿದ್ದರಿಂದ ಇದಕ್ಕೆ ತಕರಾರು ಬರಲಿಲ್ಲ.

ಕಾಫಿಪುಡಿ ವರ್ಷದೊಳಗೆ ಕೆ.ಜಿ.ಗೆ 500ರಿಂದ 700ರ ಹತ್ತಿರ ಹೋಗಿದೆ. ತೂಕ ಅಷ್ಟೇ ಇದೆ, ಅಷ್ಟೇ ಇರುತ್ತದೆ. ಅದರ ಬಗ್ಗೆ ಮಾತಾಡಲಿಲ್ಲ.

ಸೆಪ್ಟೆಂಬರ್ 22ರ ಜಿಎಸ್‌ಟಿ ಇಳಿಕೆಯಿಂದ ಭಾರೀ ಉಳಿತಾಯವಾಗುತ್ತದೆ ಎಂದು ಗಂಡ ಕಾದಿದ್ದರು. ಬಿಸ್ಕತ್ತು 18ರಿಂದ 5ಕ್ಕೆ, ತುಪ್ಪ, ಬೆಣ್ಣೆ, ಖಾರದ ತಿಂಡಿ 12ರಿಂದ 5ಕ್ಕೆ ಇಳಿದದ್ದು ನಿಜ. ಆದರೆ ಪ್ಯಾಕೆಟ್ ಹಾಲು, ಬಿಡಿ ಅಕ್ಕಿ, ಬಿಡಿ ಬೇಳೆ, ತರಕಾರಿ, ಹಸಿ ಮೀನಿನ ಮೇಲೆ ಮೊದಲೂ ತೆರಿಗೆ ಇರಲಿಲ್ಲ. ಇವರ ಬುಟ್ಟಿಯ ಬಹುಪಾಲು ಅದೇ. ಅಕ್ಟೋಬರಿನಲ್ಲಿ ಉಳಿದದ್ದು ನೂರೈವತ್ತರ ಸುತ್ತಮುತ್ತ.

ಮಾಡಿದ್ದು, ಕೈಬಿಟ್ಟದ್ದು

ವಾರಕ್ಕೊಮ್ಮೆ ಶಿವಪ್ಪನಾಯಕ ಮಾರುಕಟ್ಟೆಗೆ ಹೋಗಿ ತರಕಾರಿ ತರುವುದೆಂದು ಜುಲೈನಲ್ಲಿ ನಿರ್ಧಾರವಾಯಿತು. ಕೆ.ಜಿ. ಲೆಕ್ಕದಲ್ಲಿ ಗಾಡಿಗಿಂತ ಅಗ್ಗ, ಸಂದೇಹವಿಲ್ಲ. ಆದರೆ ಮಳೆಗಾಲದಲ್ಲಿ ಒದ್ದೆ ಸೊಪ್ಪು, ಟೊಮೆಟೊ ನಾಲ್ಕನೇ ದಿನಕ್ಕೆ ಕೊಳೆತವು, ಎಸೆದದ್ದನ್ನು ತೂಗಿ ಕಳೆದರೆ ಲಾಭ ಕರಗಿತು. ಈರುಳ್ಳಿ, ಆಲೂಗಡ್ಡೆ, ಸೌತೆ, ಕುಂಬಳ ಮಾರುಕಟ್ಟೆಯಿಂದ, ಸೊಪ್ಪು ಟೊಮೆಟೊ ಗಾಡಿಯಿಂದ ಎಂದು ಆಗಸ್ಟಿನಲ್ಲಿ ರಾಜಿಯಾಯಿತು. ಗಾಡಿಯ ಹೆಂಗಸು ತಿಂಗಳ ಕೊನೆಯಲ್ಲಿ ಕಡ ಕೊಡುತ್ತಾಳೆ, ಕೊತ್ತಂಬರಿ ಸೊಪ್ಪು ಸುಮ್ಮನೆ ಹಾಕುತ್ತಾಳೆ. ಇದನ್ನು ಬಿಟ್ಟುಕೊಡಲು ಅಜ್ಜಿ ಸಿದ್ಧರಿರಲಿಲ್ಲ, ನಾನೂ ಒತ್ತಾಯಿಸಲಿಲ್ಲ.

ಹೊರಗಿನ ತಿಂಡಿಗೆ ತಿಂಗಳಿಗೆ 3,000 ಎಂದು ಗಡಿ ಹಾಕಿ, ಅದಷ್ಟನ್ನೇ ಯುಪಿಐ ಲೈಟ್‌ಗೆ ತುಂಬುವುದೆಂದು ಗೊತ್ತು ಮಾಡಿದೆವು. ಮುಗಿದರೆ ಮುಗಿಯಿತು. ಯಾವುದು ಖರ್ಚನ್ನು ಮುಚ್ಚುತ್ತಿತ್ತೋ ಅದೇ ಕಟ್ಟೆಯಾಯಿತು. ಸೆಪ್ಟೆಂಬರ್ ಬಿಟ್ಟರೆ ಉಳಿದ ತಿಂಗಳು ಗಡಿ ದಾಟಿದೆ, ಅಕ್ಟೋಬರಿನಲ್ಲಿ ದಸರಾ ರಜೆಗೆ ಜೋಗಕ್ಕೆ ಹೋದದ್ದರಿಂದ 4,700. ಆದರೂ ನಾಲ್ಕು ತಿಂಗಳ ಸರಾಸರಿ 3,525. ಮೊದಲಿನ ಮೂರು ತಿಂಗಳಲ್ಲಿ 4,267 ಇತ್ತು.

ಬೇಸಿಗೆಯಲ್ಲಿ ತರುವ ಮಳೆಗಾಲದ ಸಾಮಾನಿಗೆ ಜುಲೈನಿಂದ ತಿಂಗಳಿಗೆ 1,200 ರೂ. ಬೇರೆ ಖಾತೆಗೆ ಹಾಕುತ್ತಿದ್ದಾರೆ. ಮಾರ್ಚ್ ಕೊನೆಗೆ 10,800 ಆಗುತ್ತದೆ.

ಹಂಚಿದ ಲೆಕ್ಕದಲ್ಲಿ ಜುಲೈ 18,900, ವರಮಹಾಲಕ್ಷ್ಮಿ ಮತ್ತು ಗಣೇಶನ ಹಬ್ಬದ ಆಗಸ್ಟ್ 22,400, ಸೆಪ್ಟೆಂಬರ್ 17,600, ದಸರಾ ದೀಪಾವಳಿ ಎರಡೂ ಬಿದ್ದ ಅಕ್ಟೋಬರ್ 21,300. ಸರಾಸರಿ 20,050. ಹಿಂದಿನ ಸರಾಸರಿಗಿಂತ 1,668 ಕಡಿಮೆ. ಇಷ್ಟನ್ನು ಉಳಿತಾಯ ಎಂದು ಹೇಳಿಕೊಳ್ಳುವುದು ತಪ್ಪಾಗುತ್ತದೆ, ಏಕೆಂದರೆ ಮೇ ತಿಂಗಳ ನೆಂಟರು ಈ ನಾಲ್ಕು ತಿಂಗಳಲ್ಲಿ ಇರಲಿಲ್ಲ. ಈ ನಾಲ್ಕು ತಿಂಗಳಿಗೆ 1,885 ತಟ್ಟೆ. ತಟ್ಟೆಯ ದರ ಮೊದಲು ಸರಾಸರಿ 35.60, ಈಗ 35.10. ಅಂದರೆ ಮನೆಯ ಅಡುಗೆ ಮೊದಲಿನಷ್ಟೇ ದುಡ್ಡಿನಲ್ಲಿ ನಡೆಯುತ್ತಿದೆ. ಇಳಿದದ್ದು ಹೊರಗಿನ ತಿಂಡಿ. ಎಣ್ಣೆಯಲ್ಲಿ, ಹಾಲಿನಲ್ಲಿ ಉಳಿದದ್ದನ್ನು ತೆಂಗಿನಕಾಯಿ ಮತ್ತು ಕಾಫಿ ತಿಂದುಹಾಕಿದವು. ಈ ಅಡುಗೆಮನೆಯಲ್ಲಿ ದುಂದು ಇರಲೇ ಇಲ್ಲ ಎಂದು ನಾನು ಅವರಿಗೆ ಹೇಳಿದ್ದು ಈ ಆಧಾರದ ಮೇಲೆ.

ಐವತ್ತೆಂಟು ಸಾವಿರದಲ್ಲಿ ಇಪ್ಪತ್ತು ಸಾವಿರ ಊಟಕ್ಕೇ ಹೋಗುವುದು ಹೆಚ್ಚಲ್ಲವೇ ಎಂದು ಗಂಡ ಕೇಳಿದರು. ಆದಾಯ ಏರಿದಂತೆ ಊಟದ ಪಾಲು ಇಳಿಯುತ್ತದೆ ಎಂದು ಜರ್ಮನಿಯ ಅರ್ನ್ಸ್ಟ್ ಎಂಗೆಲ್ 1857ರಲ್ಲೇ ತೋರಿಸಿದ್ದರು. ನಮ್ಮ ದೇಶದ 2023–24ರ ಸಮೀಕ್ಷೆಯಲ್ಲಿ ನಗರದ ತಲಾ ತಿಂಗಳ ವೆಚ್ಚ 6,996 ರೂ., ಅದರಲ್ಲಿ ಊಟದ ಪಾಲು 39.68 ಪರ್ಸೆಂಟ್, ಹಳ್ಳಿಯಲ್ಲಿ 4,122 ರೂ., 47.04 ಪರ್ಸೆಂಟ್. ಇವರ 20,050 ಆದಾಯದ 35 ಪರ್ಸೆಂಟ್. ಸಾಲದ ಕಂತು ಕಳೆದು ಉಳಿದ 44,000ದಲ್ಲಿ ನೋಡಿದರೆ 46. ಸಮೀಕ್ಷೆಯವರು ಭಾಗಿಸುವುದು ಆದಾಯದಿಂದಲ್ಲ, ಬಳಕೆಯ ವೆಚ್ಚದಿಂದ. ಹಾಗಾಗಿ ಪರ್ಸೆಂಟ್ ಹಿಡಿದು ತಮ್ಮ ಮನೆಯನ್ನು ದೇಶದ ಪಕ್ಕ ನಿಲ್ಲಿಸುವುದರಲ್ಲಿ ಅರ್ಥವಿಲ್ಲ ಎಂದೆ. ಹೋಲಿಸಲೇಬೇಕಾದರೆ ಒಂದು ಅಂಕಿಯಿದೆ: ಅದೇ ಸಮೀಕ್ಷೆಯಲ್ಲಿ ನಗರದವರ ಊಟದ ಬಾಬ್ತುಗಳಲ್ಲೆಲ್ಲ ದೊಡ್ಡದು ಪಾನೀಯ ಮತ್ತು ತಯಾರಾದ ತಿಂಡಿ, ಒಟ್ಟು ವೆಚ್ಚದ 11.09 ಪರ್ಸೆಂಟ್, ಹಾಲಿಗಿಂತ, ತರಕಾರಿಗಿಂತ, ಧಾನ್ಯಕ್ಕಿಂತ ಹೆಚ್ಚು. ಭಾನುವಾರದ ಹೋಟೆಲು ಗೋಪಾಳದವರೊಬ್ಬರ ಚಟವಲ್ಲ.

ನವೆಂಬರಿನಿಂದ ಬಜೆಟ್ ಹೀಗೆ ನಿಂತಿದೆ: ತಟ್ಟೆಗೆ 36 ರೂ., ಹೊರಗಿನದಕ್ಕೆ 3,500. ಸಾಮಾನ್ಯ ತಿಂಗಳಿಗೆ 450 ತಟ್ಟೆ, ಒಟ್ಟು 19,700. ಹಬ್ಬವಿದ್ದರೆ 520 ತಟ್ಟೆ, 22,220. ತಿಂಗಳ ಮೊದಲ ದಿನ ಕ್ಯಾಲೆಂಡರ್ ನೋಡಿ ಯಾರು ಬರುತ್ತಾರೆ, ಯಾವ ಹಬ್ಬವಿದೆ ಎಂದು ತಟ್ಟೆ ಅಂದಾಜು ಮಾಡುವ ಕೆಲಸ ಮಗಳದು. ಡಿಸೆಂಬರಿನಿಂದ ಬೇಳೆ, ಬೆಲ್ಲ, ಅಕ್ಕಿ ತಿಂಗಳ ಪಟ್ಟಿಗೆ ಬರುತ್ತವೆ. ಆಗ 36 ಸಾಲುತ್ತದೆಯೇ ನೋಡಬೇಕು. ಮುಂದಿನ ಜೂನ್‌ನಲ್ಲಿ ಮಗಳು ಹಾಸ್ಟೆಲಿಗೆ ಹೋದರೆ ತಿಂಗಳಿಗೆ ತೊಂಬತ್ತು ತಟ್ಟೆ ಕಡಿಮೆಯಾಗುತ್ತದೆ, ಮೆಸ್ಸಿನ ಬಿಲ್ಲು ಹೊಸದಾಗಿ ಸೇರುತ್ತದೆ. ಆ ಬಿಲ್ಲನ್ನು ಓದಿನ ಖರ್ಚಿಗೆ ಹಾಕಬೇಕೆಂದು ಗಂಡ, ಊಟದ ಖರ್ಚಿಗೇ ಹಾಕಬೇಕೆಂದು ಹೆಂಡತಿ. ನಾನು ಹೆಂಡತಿಯ ಪಕ್ಷ.